ಅದಿರಿಗಿಂತ ಆದೇಶವೇ ಭಾರ

2024ರ ಜುಲೈ 25, ಗುರುವಾರ. ಬೆಳಗ್ಗೆ ಒಂಬತ್ತಾಗಲು ಇನ್ನೂ ಸ್ವಲ್ಪ ಹೊತ್ತಿದೆ. ಮೈಸೂರಿನ ಶ್ರೀರಾಂಪುರ ಎರಡನೇ ಹಂತದ ಒಂದು ಮನೆಯ ಪೋರ್ಟಿಕೊ. ಅಲ್ಲಿ ಹಾಕಿರುವ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಒಂದು ನಿಮ್ಮದು. ನಾಳೆ ಆಷಾಢದ ಮೂರನೇ ಶುಕ್ರವಾರ. ಬೆಟ್ಟಕ್ಕೆ ಎಷ್ಟು ಹೊತ್ತಿಗೆ ಹೊರಟರೆ ಕ್ಯೂ ಕಡಿಮೆ ಎಂಬ ಚರ್ಚೆ ಒಳಮನೆಯಲ್ಲಿ ನಡೆದಿದೆ. ಪೋರ್ಟಿಕೊದಲ್ಲಿ ಕೂತವರ ಲಕ್ಷ್ಯ ಮಾತ್ರ ದಿಲ್ಲಿಯ ಕಡೆಗಿದೆ. ಒಂಬತ್ತು ನ್ಯಾಯಮೂರ್ತಿಗಳ ಪೀಠ ಇವತ್ತು ಗಣಿ ತೆರಿಗೆಯ ತೀರ್ಪು ಕೊಡುತ್ತದೆ.

ಮನೆಯ ಯಜಮಾನರು ಕುದುರೆಮುಖದಲ್ಲಿ ಎಂಜಿನಿಯರ್ ಆಗಿದ್ದವರು. ಪಕ್ಕದಲ್ಲಿ ಬ್ಯಾಂಕಿನಿಂದ ನಿವೃತ್ತರಾದ ಮೇಡಂ, ಕೈಯಲ್ಲಿ ಪಾಸ್‌ಬುಕ್ಕಿನಷ್ಟೇ ಹಳೆಯದಾದ ಒಂದು ಡೈರಿ. ಎದುರಿಗೆ ಸಂಡೂರು ಸೀಮೆಯಿಂದ ಬಂದು ಇಲ್ಲಿ ನೆಲೆಸಿದ ಮೇಷ್ಟ್ರು. ಮೆಟ್ಟಿಲ ಮೇಲೆ, ರಾತ್ರಿ ಪಾಳಿ ಮುಗಿಸಿ ನಿದ್ದೆಗೆಟ್ಟ ಕಣ್ಣಲ್ಲೇ ಫೋನು ನೋಡುತ್ತಿರುವ ಐಟಿ ಹುಡುಗ. ಸ್ಟೀಲ್ ಲೋಟದಲ್ಲಿ ಕಾಫಿ ಬರುತ್ತದೆ. ನಿಮಗೂ ಒಂದು.

"ಮೊನ್ನೆ ಬಜೆಟ್ಟಿನಲ್ಲಿ ನನಗೆ ಸರಿಯಾಗಿ ಕೊಟ್ರು," ಮೇಡಂ ಶುರು ಮಾಡುತ್ತಾರೆ. 2016ರ ಆಗಸ್ಟಿನಲ್ಲಿ ಗ್ರಾಂಗೆ 3,119 ರೂಪಾಯಿ ಕೊಟ್ಟು ಕೊಂಡ ಸರ್ಕಾರಿ ಚಿನ್ನದ ಬಾಂಡು ಅವರ ಬಳಿ ಇದೆ. ಎಂಟು ವರ್ಷ ತುಂಬಿ ಇದೇ ಆಗಸ್ಟ್ 5ಕ್ಕೆ ದುಡ್ಡು ಕೈಗೆ ಬರಬೇಕು. ಅಷ್ಟರಲ್ಲಿ, ಜುಲೈ 23ರಂದು, ಚಿನ್ನದ ಆಮದು ಸುಂಕ ಶೇ 15ರಿಂದ ಶೇ 6ಕ್ಕೆ ಇಳಿಯಿತು. ಹತ್ತು ಗ್ರಾಂ ಬೆಲೆ ಮೂರು ಸಾವಿರಕ್ಕೂ ಹೆಚ್ಚು ಕುಸಿಯಿತು. ಬಾಂಡಿನ ಹಣ ಲೆಕ್ಕ ಹಾಕುವುದು ಆ ದಿನಗಳ ಪೇಟೆ ಬೆಲೆಯ ಮೇಲೆಯೇ.

"ದುಪ್ಪಟ್ಟಾಯ್ತಲ್ಲ ಮೇಡಂ, ಇನ್ನೇನು ಬೇಕು?" ಹುಡುಗ ನಗುತ್ತಾನೆ.

"ದುಪ್ಪಟ್ಟಾಗಿದ್ದು ಸರಿ ಕಣಪ್ಪ. ಲಂಡನ್ನಿನಲ್ಲಿ ಚಿನ್ನ ಇಳೀದಿದ್ರೂ ನಮ್ಮ ಬೆಲೆ ಇಳೀತಲ್ಲ, ಅದು ನೋಡು."

ಒಂಬತ್ತೂಕಾಲು. ಪೇಟೆ ತೆರೆಯುತ್ತದೆ. ಎಲ್ಲರ ಹೆಬ್ಬೆರಳೂ ಒಂದೇ ಸಲ ಪರದೆಯ ಮೇಲೆ. ಹುಡುಗನ ಹತ್ತಿರ ಇರುವುದು ತಾಮ್ರದ ಕಂಪನಿಯ ಷೇರು. ಮೇ ತಿಂಗಳಲ್ಲಿ ಲಂಡನ್ ಪೇಟೆಯಲ್ಲಿ ತಾಮ್ರ ಟನ್ನಿಗೆ 11,000 ಡಾಲರ್ ದಾಟಿ ದಾಖಲೆ ಬರೆದಾಗ ಕೊಂಡದ್ದು. ಈಗ ಅದು 9,000ದ ಸುತ್ತ ತಡವರಿಸುತ್ತಿದೆ. ಚೀನಾದಲ್ಲಿ ಮನೆ ಕಟ್ಟುವುದು ನಿಧಾನವಾಗಿದೆ, ಹಾಗಾಗಿ ತಾಮ್ರವೂ ಬೇಡ, ಕಬ್ಬಿಣವೂ ಬೇಡ. 2021ರ ಮೇನಲ್ಲಿ 230 ಡಾಲರ್ ಮುಟ್ಟಿದ್ದ ಶೇ 62ರ ಕಬ್ಬಿಣದ ಅದಿರು ಈಗ ನೂರರ ಆಸುಪಾಸಿನಲ್ಲಿದೆ.

"ಆವರೇಜ್ ಮಾಡ್ಲಾ ಅಂಕಲ್?"

"ಮೊದಲು ಕಾಫಿ ಕುಡಿ," ಎನ್ನುತ್ತಾರೆ ಎಂಜಿನಿಯರು. "ಹೋದ ಸಲ ಮಂಡ್ಯದ ಲಿಥಿಯಂ ಅಂತ ಕುಣಿದೆಯಲ್ಲ, ಏನಾಯ್ತು?"

ಹುಡುಗ ತಲೆ ಕೆರೆದುಕೊಳ್ಳುತ್ತಾನೆ. ಶ್ರೀರಾಂಪುರದಿಂದ ಬೈಕಿನಲ್ಲಿ ಹೋಗಿಬರುವಷ್ಟು ದೂರದ ಮರಳಗಾಲದಲ್ಲಿ 14,100 ಟನ್ ಲಿಥಿಯಂ ಇದೆಯೆಂದು 2020ರಲ್ಲಿ ಪತ್ರಿಕೆಗಳು ಬರೆದವು. ಮರುವರ್ಷ ಅಣುಶಕ್ತಿ ಇಲಾಖೆಯ ಖನಿಜ ನಿರ್ದೇಶನಾಲಯದ ಅಂದಾಜು ಹೊರಬಂದಾಗ ಅದು 1,600 ಟನ್ನಿಗೆ ಇಳಿದಿತ್ತು. ಅದೂ ಪ್ರಾಥಮಿಕ ಹಂತದ ಅಂದಾಜು.

"ನೆಲದೊಳಗಿನದ್ದನ್ನು ನಂಬಿ ಷೇರು ಕೊಳ್ಳುವ ಕಾಲ ಒಂದಿತ್ತು," ಎನ್ನುತ್ತ ಎಂಜಿನಿಯರು ಕೋಲಾರಕ್ಕೆ ಹೋಗುತ್ತಾರೆ. ಮೈಸೂರ್ ಗೋಲ್ಡ್ ಮೈನಿಂಗ್ ಕಂಪನಿ ಲಂಡನ್ನಿನಲ್ಲಿ ಹುಟ್ಟಿದ್ದು 1880ರಲ್ಲಿ. ಮೂರೇ ವರ್ಷಕ್ಕೆ ಬಂಡವಾಳ ಕರಗಿ, ಷೇರಿನ ಬೆಲೆ ಪೆನ್ನಿಗಳಿಗೆ ಇಳಿಯಿತು. ಮುಚ್ಚಿಬಿಡೋಣ ಎಂದರು ಷೇರುದಾರರು. ಇನ್ನೊಂದು ಸಲ ಅಗೆಯೋಣ ಎಂದ ಜಾನ್ ಟೇಲರ್. ಗಣಿ ಕ್ಯಾಪ್ಟನ್ ಪ್ಲಮ್ಮರ್ ಹಳಬರು ತೋಡಿದ್ದ ಗುಂಡಿಗಳ ಕೆಳಗೇ ಹುಡುಕಿ ಚಾಂಪಿಯನ್ ಲೋಡ್ ಎಂಬ ಚಿನ್ನದ ಎಳೆಯನ್ನು ಹಿಡಿದ. "ಅವತ್ತು ಷೇರಿನ ಹಣೆಬರಹ ಬರೆದದ್ದು ಕಲ್ಲು. ನನ್ನ ಕಾಲಕ್ಕೆ ಕಾಗದ ಬಂತು."

ಅವರ ಕಾಲ ಎಂದರೆ ಕುದುರೆಮುಖ. ಲೋಟ ಕೆಳಗಿಟ್ಟು ಹೇಳುತ್ತಾರೆ, ನೀವು ಕುರ್ಚಿ ಮುಂದೆ ಎಳೆದುಕೊಳ್ಳುತ್ತೀರಿ. 1976ರಲ್ಲಿ ಕಂಪನಿ, ಈಗಿನ ಕೆಐಒಸಿಎಲ್, ಶುರುವಾಯಿತು. ಇರಾನಿನ ಶಾ ಸಾಲ ಕೊಟ್ಟು ಅದಿರನ್ನೂ ಕೊಳ್ಳಲು ಒಪ್ಪಿದ್ದ. 1979ರ ಕ್ರಾಂತಿಯಲ್ಲಿ ಶಾನೂ ಹೋದ, ಗಿರಾಕಿಯೂ ಹೋಯಿತು. ಆದರೂ ಗಣಿ ನಿಲ್ಲಲಿಲ್ಲ. ಬೆಟ್ಟದಲ್ಲಿ ಅರೆದ ಅದಿರು ನೀರಿನೊಂದಿಗೆ ಕಲೆತು 67 ಕಿಲೋಮೀಟರ್ ಕೊಳವೆಯಲ್ಲಿ ಮಂಗಳೂರಿಗೆ ಇಳಿಯುತ್ತಿತ್ತು. ಕೊನೆಗೆ ರಾಷ್ಟ್ರೀಯ ಉದ್ಯಾನದ ಕಾಡು, ಭದ್ರಾ ನದಿಯ ಹೂಳಿನ ಪ್ರಶ್ನೆ ಸುಪ್ರೀಂ ಕೋರ್ಟಿಗೆ ಹೋಗಿ, 2002ರಲ್ಲಿ ತೀರ್ಪು ಬಂತು. 2005ರ ಡಿಸೆಂಬರ್ 31ಕ್ಕೆ ಅಗೆತ ಬಂದ್.

"ಅದಿರು ಮುಗಿದಿರಲಿಲ್ಲ. ಕಾಡು ಉಳಿದದ್ದು ಒಳ್ಳೇದೇ ಆಯ್ತು ಅಂತ ಈಗ ನನಗೂ ಅನ್ಸುತ್ತೆ. ಆದ್ರೆ ಷೇರುದಾರ ಆಗಿ ನೋಡಿದ್ರೆ, ಒಂದು ದಿನಾಂಕಕ್ಕೆ ಗಣಿಯೇ ಇಲ್ಲ!"

"ಮತ್ತೆ ಕೆಐಒಸಿಎಲ್ ಹೋದ ತಿಂಗಳು ಹಾರಾಡಿತಲ್ಲ?" ಹುಡುಗ ಕೇಳುತ್ತಾನೆ.

ಹೋದ ತಿಂಗಳು ಕೇಂದ್ರ ಉಕ್ಕು ಸಚಿವರಾದ ಎಚ್.ಡಿ. ಕುಮಾರಸ್ವಾಮಿ, ಅದೇ ಕಂಪನಿಯ ಸಂಡೂರಿನ ದೇವದಾರಿ ಗಣಿಯ ಕಡತಕ್ಕೆ ಸಹಿ ಹಾಕಿದ್ದರು. ಕೆಲವೇ ದಿನಗಳಲ್ಲಿ ರಾಜ್ಯದ ಅರಣ್ಯ ಸಚಿವ ಈಶ್ವರ ಖಂಡ್ರೆ, ಅರಣ್ಯ ಭೂಮಿ ಬಿಟ್ಟುಕೊಡಬೇಡಿ ಎಂದು ಅಧಿಕಾರಿಗಳಿಗೆ ಸೂಚಿಸಿದರು. ಕಂಪನಿಯ ಶೇ 99ರಷ್ಟು ಷೇರು ಸರ್ಕಾರದ ಬಳಿಯೇ ಇದೆ. ಪೇಟೆಯಲ್ಲಿ ಓಡಾಡುವುದು ಉಳಿದ ಒಂದು ಭಾಗ.

"ಸಣ್ಣ ಹೊಂಡಕ್ಕೆ ಎಮ್ಮೆ ಇಳಿದ ಹಾಗೆ," ಎನ್ನುತ್ತಾರೆ ಎಂಜಿನಿಯರು. "ಒಂದು ಇಳಿದ್ರೂ ನೀರು ಉಕ್ಕುತ್ತೆ. ಅದನ್ನ ಪ್ರವಾಹ ಅಂದ್ಕೋಬೇಡ."

ಇಲ್ಲಿಯವರೆಗೆ ಸುಮ್ಮನಿದ್ದ ಮೇಷ್ಟ್ರು ಈಗ ಬಾಯಿ ತೆರೆಯುತ್ತಾರೆ. "ನಮ್ಮೂರ ಕಡಿದು ಹೇಳ್ತೀನಿ ಕೇಳ್ರಿ." ಅವರ ಬಳಿ ಇರುವುದು ಸಂಡೂರು ಮ್ಯಾಂಗನೀಸ್, 1954ರಲ್ಲಿ ಘೋರ್ಪಡೆ ರಾಜಮನೆತನ ಕಟ್ಟಿದ ಕಂಪನಿ. 2011ರ ಜುಲೈ ಕೊನೆಯ ವಾರ ಅವರಿಗೆ ಬಾಯಿಪಾಠ: 27ಕ್ಕೆ ಲೋಕಾಯುಕ್ತ ಸಂತೋಷ್ ಹೆಗ್ಡೆ ವರದಿ, 29ಕ್ಕೆ ಬಳ್ಳಾರಿ ಗಣಿಗಾರಿಕೆಗೆ ಸುಪ್ರೀಂ ಕೋರ್ಟ್ ತಡೆ, 31ಕ್ಕೆ ಯಡಿಯೂರಪ್ಪ ರಾಜೀನಾಮೆ. ಮುಂದೆ ಗಣಿಗಳನ್ನು ಎ, ಬಿ, ಸಿ ಎಂದು ವಿಂಗಡಿಸಿದರು. 2013ರಲ್ಲಿ ಸಿ ವರ್ಗದ ಗುತ್ತಿಗೆಗಳು ರದ್ದಾದವು. ಉಳಿದವರಿಗೂ ವರ್ಷಕ್ಕೆ ಇಷ್ಟೇ ಟನ್ ಎಂಬ ಮಿತಿ ಬಂತು, ಮಾರಾಟ 2022ರವರೆಗೂ ಇ-ಹರಾಜಿನಲ್ಲಷ್ಟೇ ಆಗುತ್ತಿತ್ತು.

"ದೋಣಿಮಲೈ ನೋಡ್ರಿ. ಎನ್‌ಎಂಡಿಸಿ ಕೇಂದ್ರದ್ದೇ ಕಂಪನಿ. ಗುತ್ತಿಗಿ ನವೀಕರಣಕ್ಕ ರಾಜ್ಯ ಶೇ 80 ಪ್ರೀಮಿಯಂ ಕೇಳ್ತು, ಅವರು ಒಲ್ಲೆ ಅಂದ್ರು. 2018ರ ನವೆಂಬರಿನಾಗ ನಿಂತಿದ್ದು 2021ರ ಫೆಬ್ರವರಿಗೆ ಶುರುವಾತು, ಶೇ 22.5ಕ್ಕ ರಾಜಿ ಆದಮ್ಯಾಲೆ. ಗುಡ್ಡ ಅಲ್ಲೇ ಇತ್ತು, ಮಶಿನೂ ಅಲ್ಲೇ ಇತ್ತು."

"2022ರ ಮೇ 23, ಸೋಮವಾರ," ಮೇಡಂ ಡೈರಿ ತಿರುವುತ್ತಾರೆ. ಆ ವಾರಾಂತ್ಯ ಕೇಂದ್ರವು ಅದಿರಿನ ರಫ್ತಿನ ಮೇಲೆ ಶೇ 50 ಸುಂಕ ಹಾಕಿತ್ತು. ಸೋಮವಾರ ಎನ್‌ಎಂಡಿಸಿ ಒಂದೇ ದಿನದಲ್ಲಿ ಶೇ 10ಕ್ಕೂ ಹೆಚ್ಚು ಬಿತ್ತು. ಅದೇ ನವೆಂಬರಿನಲ್ಲಿ ಆ ಶೇ 50ರ ಸುಂಕವನ್ನು ಹಿಂತೆಗೆದರು. "ಆರು ತಿಂಗಳು. ಹೆದರಿ ಮಾರಿದವರು ಅಳ್ತಾ ಕೂತರು."

ಹತ್ತೂವರೆ ದಾಟುತ್ತದೆ. ಹುಡುಗನ ಫೋನು ಮೊದಲು ಸದ್ದು ಮಾಡುತ್ತದೆ, ಆಮೇಲೆ ಎಲ್ಲರದ್ದೂ. ತೀರ್ಪು ಬಂದಿದೆ. 8:1.

"ರಾಯಧನ ತೆರಿಗೆಯಲ್ಲ ಅಂದಿದೆ. ತೆರಿಗೆ ಅಲ್ಲ ಅಂದ್ರೆ ಒಳ್ಳೇದಲ್ವಾ ಅಂಕಲ್? ಮತ್ಯಾಕೆ ಕೆಂಪಾಗ್ತಿದೆ?"

ಎಂಜಿನಿಯರು ಕನ್ನಡಕ ಏರಿಸಿ ಓದುತ್ತಾರೆ. 1989ರಲ್ಲಿ ಏಳು ನ್ಯಾಯಮೂರ್ತಿಗಳು, ಇಂಡಿಯಾ ಸಿಮೆಂಟ್ಸ್ ಮೊಕದ್ದಮೆಯಲ್ಲಿ, ರಾಯಧನವೂ ತೆರಿಗೆಯೇ ಎಂದಿದ್ದರು. ಅದರ ಮೇಲೆ ರಾಜ್ಯಗಳು ಇನ್ನೊಂದು ಹೇರುವಂತಿರಲಿಲ್ಲ. 2004ರಲ್ಲಿ ಐವರ ಪೀಠ, ಹಿಂದಿನ ಆ ವಾಕ್ಯವೇ ಬೆರಳಚ್ಚಿನ ತಪ್ಪು ಎಂದಿತು. ಆ ಗೊಂದಲ ಬಿಡಿಸಲು 2011ರಲ್ಲಿ ಒಂಬತ್ತು ಜನರ ಪೀಠಕ್ಕೆ ವಹಿಸಿದರು. ಇವತ್ತು ಮುಖ್ಯ ನ್ಯಾಯಮೂರ್ತಿ ಚಂದ್ರಚೂಡ್ ಸೇರಿ ಎಂಟು ಮಂದಿಯ ತೀರ್ಮಾನ ಇಷ್ಟು: ರಾಯಧನ ಎಂದರೆ ಗುತ್ತಿಗೆಗೆ ಕೊಡುವ ಪ್ರತಿಫಲ. ಅದು ತೆರಿಗೆಯಲ್ಲ. ಆದ್ದರಿಂದ ಖನಿಜದ ಹಕ್ಕಿನ ಮೇಲೆ ರಾಜ್ಯ ಬೇರೆ ತೆರಿಗೆ ಹಾಕಬಹುದು.

"ಅಂದ್ರೆ ಎರಡೆರಡು ಸಲ ಕಟ್ಟಬೇಕು?"

"ಕಟ್ಟಿಸ್ಕೊಳ್ಳೋ ಅಧಿಕಾರ ಸಿಕ್ಕಿದೆ. ಎಷ್ಟು ಅನ್ನೋದು ಆಯಾ ರಾಜ್ಯ ಹೇಳ್ಬೇಕು."

ಒಪ್ಪದ ಒಬ್ಬರು ನ್ಯಾಯಮೂರ್ತಿ ಬಿ.ವಿ. ನಾಗರತ್ನ. ರಾಯಧನವೂ ತೆರಿಗೆಯ ಸ್ವರೂಪದ್ದೇ, ರಾಜ್ಯಗಳು ಆದಾಯಕ್ಕಾಗಿ ಪೈಪೋಟಿಗೆ ಬಿದ್ದರೆ ಖನಿಜಗಳ ಅಭಿವೃದ್ಧಿ ಕೆಡುತ್ತದೆ ಎಂಬುದು ಅವರ ಭಿನ್ನಮತ. "ನಮ್ಮ ಪಾಂಡವಪುರ ಕಡೆಯ ವೆಂಕಟರಾಮಯ್ಯನವರ ಮಗಳು," ಎಂದು ಮೇಡಂ ಕುರ್ಚಿಯಲ್ಲಿ ನೆಟ್ಟಗಾಗುತ್ತಾರೆ. ಮೇಷ್ಟ್ರು ತಲೆಯಾಡಿಸುತ್ತಾರೆ, ಆದರೆ ಒಪ್ಪುವುದಿಲ್ಲ: "ನಮ್ಮ ಗುಡ್ಡ ಕರಗಿದ್ದಕ್ಕ ನಮ್ಮ ರಾಜ್ಯ ನಾಕು ಕಾಸು ಕೇಳಿದ್ರ ತಪ್ಪೇನ್ರಿ? ಷೇರು ನಂದಿರಬಹುದು. ದೂಳು ಕುಡಿದವರೂ ನಮ್ಮವರೇ."

ಅದಕ್ಕೆ ಉತ್ತರ ಕೊಡಲು ಯಾರೂ ಅವಸರಪಡುವುದಿಲ್ಲ. ಪರದೆಯ ಮೇಲೆ ಗಣಿ ಮತ್ತು ಲೋಹದ ಷೇರುಗಳು ಇಳಿಯುತ್ತಿವೆ. ಹುಡುಗನ ಹೆಬ್ಬೆರಳು ಮಾರಾಟದ ಗುಂಡಿಯ ಹತ್ತಿರ ಸುಳಿದಾಡುತ್ತಿದೆ.

"ತಡಿ ಮರಿ. ಹಿಂದಿನ ವರ್ಷಗಳ ಬಾಕಿಯನ್ನೂ ಕೇಳಬಹುದಾ ಇಲ್ಲವಾ ಅಂತ ಇನ್ನೂ ಹೇಳಿಲ್ಲ. ಅದು ಗೊತ್ತಾಗದೆ ಕೊಳ್ಳೋದೂ ತಪ್ಪು, ಮಾರೋದೂ ತಪ್ಪು."

ಆ ಪ್ರಶ್ನೆಗೆ ಉತ್ತರ ಆಗಸ್ಟ್ 14ರಂದು ಬಂತು. 2005ರ ಏಪ್ರಿಲ್ 1ರಿಂದೀಚಿನ ತೆರಿಗೆಯನ್ನು ರಾಜ್ಯಗಳು ಕೇಳಬಹುದು, ಕಂಪನಿಗಳು ಅದನ್ನು 2026ರ ಏಪ್ರಿಲ್ 1ರಿಂದ ಹನ್ನೆರಡು ವರ್ಷಗಳ ಕಂತಿನಲ್ಲಿ ಕಟ್ಟಬಹುದು. ಹಳೆಯ ಬೇಡಿಕೆಗೆ ಬಡ್ಡಿಯಿಲ್ಲ, ದಂಡವಿಲ್ಲ. ಅದೇ ಡಿಸೆಂಬರಿನಲ್ಲಿ ಬೆಳಗಾವಿ ಅಧಿವೇಶನದಲ್ಲಿ ಕರ್ನಾಟಕವೂ ಖನಿಜ ಹಕ್ಕು ಮತ್ತು ಖನಿಜ ಭೂಮಿಯ ತೆರಿಗೆ ಮಸೂದೆಯನ್ನು ಅಂಗೀಕರಿಸಿತು. ಮೇಡಂ ಅವರ ಬಾಂಡಿಗೆ ಗ್ರಾಂಗೆ 6,938 ರೂಪಾಯಿ ಬಂತು.

ಶ್ರೀರಾಂಪುರದ ಆ ಪೋರ್ಟಿಕೊದ ಲೆಕ್ಕ ನಿಮಗೂ ಸಲ್ಲುತ್ತದೆ. ಅದಿರಿನ ದರ ಚೀನಾದಲ್ಲಿ ಏರಿಳಿಯುತ್ತದೆ, ಅದನ್ನು ದಿನವೂ ಫೋನಿನಲ್ಲಿ ನೋಡಬಹುದು. ಆದರೆ ಕರ್ನಾಟಕದ ಗಣಿ ಷೇರುಗಳನ್ನು ನಿಜವಾಗಿ ಎತ್ತಿ ಕುಕ್ಕಿದ್ದು ಸಹಿ, ಸುಂಕ ಮತ್ತು ತೀರ್ಪು. ಆದ್ದರಿಂದ ಕೊಳ್ಳುವ ಮೊದಲು ಕಂಪನಿಯ ವಾರ್ಷಿಕ ವರದಿ ತೆರೆದು ಮೂರು ವಿಷಯ ಹುಡುಕಿ: ಗುತ್ತಿಗೆ ಯಾವ ವರ್ಷದವರೆಗೆ ಇದೆ, ವರ್ಷಕ್ಕೆ ಎಷ್ಟು ಟನ್ ತೆಗೆಯಲು ಅನುಮತಿ ಇದೆ, ಯಾವ ಕೋರ್ಟಿನಲ್ಲಿ ಎಷ್ಟು ಹಣದ ವ್ಯಾಜ್ಯ ಬಾಕಿ ಇದೆ. ಈ ಮೂರಕ್ಕೆ ಉತ್ತರ ಸಿಗದಿದ್ದರೆ, ಅದಿರು ಎಷ್ಟೇ ಇರಲಿ, ನಿಮ್ಮ ದುಡ್ಡು ಬ್ಯಾಂಕಿನಲ್ಲೇ ಇರಲಿ.