ಅಪ್ಪನ ಯೆಜ್ಡಿಗೆ ಯಾವ ಪ್ಲಗ್?

ಒಂದು ಸ್ಪಾರ್ಕ್ ಪ್ಲಗ್ಗಿನ ಬೆಲೆ ಇಂದಿರಾನಗರದಲ್ಲಿ ಇಬ್ಬರು ಕೂತು ಕಾಫಿ ಕುಡಿದ ಬಿಲ್ಲಿಗಿಂತ ಕಡಿಮೆ. ಆದರೆ ಹಳೇ ಗಾಡಿಗೆ ಸರಿಯಾದ ಪ್ಲಗ್ ಆರಿಸೋದು ಹೊಸ ಲ್ಯಾಪ್‌ಟಾಪ್ ಆರಿಸೋದಕ್ಕಿಂತ ಹೆಚ್ಚು ತಲೆ ತಿನ್ನುವ ಕೆಲಸ. ಎಂಜಿಬಿ, ಜಾಗ್ವಾರ್ ಥರದ ಹಳೇ ಸ್ಪೋರ್ಟ್ಸ್ ಕಾರು ಸಾಕಿಕೊಂಡವರು ಇದೇ ವಿಷಯಕ್ಕೆ ಗಂಟೆಗಟ್ಟಲೆ ವಾದ ಮಾಡುತ್ತಾರೆ. ನಮ್ಮ ರೋಣದ ಕಡೆ ಸ್ಪೋರ್ಟ್ಸ್ ಕಾರು ಎಲ್ಲಿಂದ ಬರಬೇಕು? ನಮ್ಮ ಪಾಲಿನ ಕ್ಲಾಸಿಕ್ ಅಂದರೆ ಯೆಜ್ಡಿ.

2022ರಲ್ಲಿ ಬಂದ ಹೊಸ ಯೆಜ್ಡಿ ಅಲ್ಲ, ಹಳೇದು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1960ರ ದಶಕದಲ್ಲಿ ಜಾವಾ ಮಾಡಿತು, 1970ರ ದಶಕದಲ್ಲಿ ಹೆಸರು ಯೆಜ್ಡಿ ಆಯಿತು, 1996ರಲ್ಲಿ ಬಾಗಿಲು ಮುಚ್ಚಿತು. ಅಪ್ಪನದು ರೋಡ್‌ಕಿಂಗ್: 250 ಸಿಸಿ, ಟೂ-ಸ್ಟ್ರೋಕ್, ಸಿಲಿಂಡರ್ ಒಂದೇ ಆದರೂ ಸೈಲೆನ್ಸರ್ ಎರಡು. ಕಿಕ್ ಹೊಡೆಯುವ ಲಿವರನ್ನೇ ಮಡಚಿದರೆ ಅದೇ ಗೇರ್. ಪೆಟ್ರೋಲಿಗೆ ಆಯಿಲ್ ನಾವೇ ಬೆರೆಸಬೇಕು.

ಹೋದ ವರ್ಷದಿಂದ ಅಪ್ಪನ ಫೋನಿನಲ್ಲಿ ಒಂದೇ ಮಾತು. "ಕಿಕ್ ಹೊಡದ್ರ ಚಾಲೂ ಆಗವಲ್ದೋ." ವಾರಕ್ಕೊಮ್ಮೆ ಪ್ಲಗ್ ಕರ್ರಗಾಗುತ್ತದೆ, ಬಿಚ್ಚಿ ಉಜ್ಜಬೇಕು, ಮತ್ತೆ ಒದೀಬೇಕು. ಅಪ್ಪನಿಗೆ ಅರವತ್ತೆಂಟು, ಬಲಗಾಲಿನ ಮೊಣಕಾಲು ಮೊದಲಿನಂತಿಲ್ಲ. ಅವ್ವಂದು ಒಂದೇ ಹಟ: "ಮಾರಿಬಿಡ್ರಿ, ಕಾಲ್ ಮುರಕೊಂಡ್ ಕುಂದರೂದು ಬ್ಯಾಡ." ಬೆಂಗಳೂರಿನ ಒಬ್ಬರು ಒಳ್ಳೆ ಬೆಲೆಯನ್ನೂ ಹೇಳಿದ್ದರು. ಅವರು ತಗೊಂಡಿದ್ದರೆ ಅದು ಪಾಲಿಶ್ ಹೊಡೆಸಿಕೊಂಡು ಯಾರದೋ ಹಾಲಿನಲ್ಲಿ ನಿಂತಿರುತ್ತಿತ್ತು. ಅಪ್ಪ ಹೊಲಕ್ಕೆ ಹೋಗುವುದೂ ನಿಲ್ಲುತ್ತಿತ್ತು. ನಾನೂ ತಮ್ಮನೂ ಊರಲ್ಲಿಲ್ಲ. ಹೊಲಕ್ಕೆ ಹೋಗುವುದು ನಿಂತರೆ ಅಪ್ಪ ಹೇಗಿರುತ್ತಾರೆ ಅಂತ ನಮ್ಮಿಬ್ಬರಿಗೂ ಗೊತ್ತಿತ್ತು. ಹೀಗಾಗಿ ನೂರು ಚಿಲ್ಲರೆ ರೂಪಾಯಿಯ ಪ್ಲಗ್ ನಮ್ಮ ಮನೆಯಲ್ಲಿ ದೊಡ್ಡ ವಿಷಯವಾಯಿತು.

ಪ್ಲಗ್‌ಗಳಲ್ಲಿ 'ಹಾಟ್', 'ಕೋಲ್ಡ್' ಅಂತ ಇರುತ್ತವೆ. ಕಿಡಿ ಬಿಸಿಯೋ ತಣ್ಣಗೋ ಅಂತಲ್ಲ, ಪ್ಲಗ್ಗಿನ ತುದಿ ತನ್ನ ಬಿಸಿಯನ್ನು ಎಷ್ಟು ಬೇಗ ಎಂಜಿನ್ನಿನ ಹೆಡ್ಡಿಗೆ ದಾಟಿಸುತ್ತದೆ ಅನ್ನೋದು ಲೆಕ್ಕ. ಒಳಗಿನ ಪಿಂಗಾಣಿ ಮೂಗು ಉದ್ದ ಇದ್ದರೆ ಬಿಸಿ ನಿಧಾನಕ್ಕೆ ಇಳಿಯುತ್ತದೆ, ಅದು ಹಾಟ್. ಗಿಡ್ಡ ಇದ್ದರೆ ಬೇಗ ಇಳಿಯುತ್ತದೆ, ಅದು ಕೋಲ್ಡ್. ತುದಿ ಸುಮಾರು 450 ಡಿಗ್ರಿ ಸೆಲ್ಸಿಯಸ್ ದಾಟಿದರೆ ಅಂಟಿದ ಮಸಿ ತಾನೇ ಸುಟ್ಟುಹೋಗುತ್ತದೆ. 850ರ ಆಸುಪಾಸು ದಾಟಿದರೆ ಕಿಡಿಗೂ ಮೊದಲೇ ಪೆಟ್ರೋಲ್ ಹೊತ್ತಿಕೊಂಡು ಪಿಸ್ಟನ್ನಿಗೇ ಕುತ್ತು. ಅವ್ವನ ರೊಟ್ಟಿ ಹಂಚಿನ ಹಾಗೆ: ಕಾಯದಿದ್ದರೆ ರೊಟ್ಟಿ ಅಂಟುತ್ತದೆ, ಅತಿ ಕಾದರೆ ಸೀಯುತ್ತದೆ.

ಇನ್ನು ನಂಬರುಗಳ ಕಥೆ. ಬಿಟಿಎಂನಲ್ಲಿ ಪಿಜಿ ಹಿಡಿದವರೆಲ್ಲ ಮೈಕೋ ಲೇಔಟ್ ಹೆಸರು ಕೇಳಿರುತ್ತೀರಿ. ಆ ಮೈಕೋ ಅಂದರೆ 1951ರಲ್ಲಿ ಶುರುವಾದ ಮೋಟಾರ್ ಇಂಡಸ್ಟ್ರೀಸ್ ಕಂಪನಿ. ಆಡುಗೋಡಿಯಲ್ಲಿ ಕಾರ್ಖಾನೆ, ದೇಶದ ತುಂಬ ಅವರ ಪ್ಲಗ್. 2008ರಲ್ಲಿ ಹೆಸರು ಬಾಷ್ ಲಿಮಿಟೆಡ್ ಆಯಿತು. ಹಳೇ ಮೈಕೋ ಪ್ಲಗ್‌ಗಳಲ್ಲಿ ಡಬ್ಲ್ಯು 175, ಡಬ್ಲ್ಯು 225 ಅಂತ ಇರುತ್ತಿತ್ತು, ನಂಬರ್ ದೊಡ್ಡದಾದಷ್ಟೂ ಕೋಲ್ಡ್. ಈಗಿನ ಬಾಷ್‌ನಲ್ಲಿ ತಿರುಗುಮುರುಗು: ಡಬ್ಲ್ಯು 5 ಕೋಲ್ಡ್, ಡಬ್ಲ್ಯು 7 ಅದಕ್ಕಿಂತ ಹಾಟ್. ಎನ್‌ಜಿಕೆಯಲ್ಲಿ ಮತ್ತೆ ಉಲ್ಟಾ, ಬಿ6ಎಚ್‌ಎಸ್‌ಗಿಂತ ಬಿ7ಎಚ್‌ಎಸ್ ಕೋಲ್ಡ್. ವರ್ಷನ್ ಬದಲಾದಾಗ ಅರ್ಥವನ್ನೂ ಬದಲಾಯಿಸುವ ಚಾಳಿ ನಮ್ಮ ಸಾಫ್ಟ್‌ವೇರಿನವರದ್ದು ಮಾತ್ರ ಅಲ್ಲ ಅಂತ ಸಮಾಧಾನ ಆಯಿತು!

ಅಕ್ಷರಗಳನ್ನೂ ಬಿಡುವ ಹಾಗಿಲ್ಲ. ಎನ್‌ಜಿಕೆ ಬಿ7ಎಚ್‌ಎಸ್‌ನಲ್ಲಿರುವ 'ಎಚ್' ಅಂದರೆ ಮರೆಯ ಉದ್ದ 12.7 ಮಿ.ಮೀ. ಅದರ ಜಾಗದಲ್ಲಿ 'ಇ' ಇದ್ದರೆ 19 ಮಿ.ಮೀ. ಎರಡೂ 14 ಮಿ.ಮೀ. ದಪ್ಪ, ಎರಡೂ ಅದೇ ತೂತಿನಲ್ಲಿ ಕೂರುತ್ತವೆ. ಗಿಡ್ಡ ಬೇಕಾದಲ್ಲಿ ಉದ್ದಂದು ಹಾಕಿ ಕಿಕ್ ಹೊಡೆದರೆ ಪಿಸ್ಟನ್ ಮೇಲೆ ಬಂದು ಬಡಿಯಬಹುದು. ಅಂಗಡಿಯವರು "ಇದೂ ಕೂಡತೈತ್ರಿ ಸರ" ಅಂದರೆ ಮರೆ ಅಳೆದು ನೋಡಿ.

ಇಷ್ಟೆಲ್ಲ ಓದಿಕೊಂಡು ಗಜೇಂದ್ರಗಡದ ಮಿಸ್ತ್ರಿ ಕಾಕಾನ ಹತ್ತಿರ ಹೋದೆ. ಜೊತೆಗೆ ಇರಿಡಿಯಂ ಪ್ಲಗ್ ಹಾಕೋಣವಾ ಅಂತ ಕೇಳಿದೆ. ಕಾಕಾ ನಕ್ಕರು. "ಛಲೋ ಐತಿ, ಭಾಳ ದಿನ ಬರತೈತಿ. ಆದ್ರ ಆಯಿಲ್ ಕುಡಿಯೂ ಗಾಡಿಗೆ ಬಂಗಾರದ ಪ್ಲಗ್ ಹಾಕಿದ್ರೂ ಮಸಿ ಹಿಡಿಯೂದ ಬಿಡೂದಿಲ್ಲ. ಮೊದಲ ಹಳೇದ್ ಬಿಚ್ಚು, ಅದರ ಮಾರಿ ನೋಡೂಣು."

ಪ್ಲಗ್ಗಿನ ಮಾರಿ ಓದೋದು ಒಂದು ವಿದ್ಯೆ. ಹುರಿದ ಶೇಂಗಾ ಸಿಪ್ಪೆಯ ಬಣ್ಣ ಇದ್ದರೆ ಎಲ್ಲ ಸರಿ. ಬೆಳ್ಳಗೆ ಸುಟ್ಟಂತಿದ್ದರೆ ಅತಿ ಬಿಸಿ, ಇಲ್ಲಾ ಎಲ್ಲೋ ಗಾಳಿ ಎಳೆಯುತ್ತಿದೆ. ಕರ್ರಗೆ, ಹಸಿಯಾಗಿ ಜಿಡ್ಡಿದ್ದರೆ ಆಯಿಲ್ ಹೆಚ್ಚು. ಕರ್ರಗೆ ಒಣ ಮಸಿ ಇದ್ದರೆ ಪೆಟ್ರೋಲ್ ಹೆಚ್ಚು, ಇಲ್ಲಾ ಪ್ಲಗ್ ಕಾಯುತ್ತಿಲ್ಲ. ನಮ್ಮದು ಒಣ ಮಸಿ. ಕಾಕಾ ಕಾರ್ಬ್ಯುರೇಟರ್ ಬಿಚ್ಚಿ ತೊಳೆದರು, ಪಾಯಿಂಟ್ ನೋಡಿದರು, ಅಪ್ಪ ಆಯಿಲ್ ಬೆರೆಸುವ ಅಳತೆ ಕೇಳಿದರು. ಎಲ್ಲ ಸರಿ ಇತ್ತು. ಆಮೇಲೆ ಪ್ಲಗ್ಗಿಗೆ ಸಂಬಂಧವೇ ಇಲ್ಲ ಅನ್ನಿಸುವ ಒಂದು ಪ್ರಶ್ನೆ ಕೇಳಿದರು: "ಈಗ ಅಪ್ಪಾರು ಎಷ್ಟು ಜೋರ್ ಹೊಡೀತಾರು?"

ಉತ್ತರ ಅಲ್ಲೇ ಇತ್ತು. ಹೊಸದರಲ್ಲಿ ಅಪ್ಪ ಹಿಂದೆ ಒಂದು ಚೀಲ ಕಡ್ಲಿ ಕಟ್ಟಿಕೊಂಡು ನರಗುಂದ ಹಿಡಿದು ಹುಬ್ಬಳ್ಳಿವರೆಗೆ ಹೋಗಿ ಬರುತ್ತಿದ್ದರು. ಅವತ್ತಿನ ಓಟಕ್ಕೆ ಬಿ7ಎಚ್‌ಎಸ್ ಸರಿ ಇತ್ತು. ಈಗ ಮನೆಯಿಂದ ಎರಿ ಹೊಲಕ್ಕೆ ನಾಲ್ಕು ಕಿಲೋಮೀಟರ್, ಇಪ್ಪತ್ತೈದರ ಸ್ಪೀಡು, ದಾರಿಯಲ್ಲಿ ನಾಲ್ಕು ಕಡೆ ನಿಂತು ಮಾತು. ಪ್ಲಗ್ ಕಾಯುವುದರೊಳಗೆ ಹೊಲ ಬಂದಿರುತ್ತದೆ. ನಾವೆಲ್ಲ ಗಾಡಿಗೆ ವಯಸ್ಸಾಯಿತು ಅಂತಿದ್ದೆವು. ಗಾಡಿ ಹೇಗಿತ್ತೋ ಹಾಗೇ ಇತ್ತು, ವಯಸ್ಸಾಗಿದ್ದು ಓಡಿಸುವವರಿಗೆ. ಪ್ಲಗ್ ಮಾತ್ರ ಇನ್ನೂ ಮೂವತ್ತರ ಅಪ್ಪನಿಗೇ ಕಾಯುತ್ತಿತ್ತು.

ಕಾಕಾ ಒಂದು ಮೆಟ್ಟಿಲು ಹಾಟ್, ಬಿ6ಎಚ್‌ಎಸ್ ಕೊಟ್ಟರು. ಗ್ಯಾಪ್ ಅಳೆದು, ಅಲ್ಯುಮಿನಿಯಂ ಹೆಡ್ಡಿನ ಮರೆ ಕೆಡದಂತೆ ಮೊದಲು ಬೆರಳಿನಲ್ಲೇ ತಿರುಗಿಸಿ, ವಾಷರ್ ಕೂತ ಮೇಲೆ ಪಾನಾದಿಂದ ಅರ್ಧ ಸುತ್ತು ಬಿಗಿದರು. ಜೊತೆಗೆ ಎಚ್ಚರಿಕೆಯನ್ನೂ ಕೊಟ್ಟರು: "ಈ ಪ್ಲಗ್ ಮ್ಯಾಲ ಹುಬ್ಬಳ್ಳಿ ಹೈವೇದಾಗ ಹೊಡೀಬ್ಯಾಡ. ಅದು ಅಪ್ಪಾರ ಪ್ಲಗ್ಗು, ನಿಂದಲ್ಲ."

ಒಂದು ತಿಂಗಳ ನಂತರ ಬಿಚ್ಚಿ ನೋಡಿದರೆ ಶೇಂಗಾ ಸಿಪ್ಪೆಯ ಬಣ್ಣ. ಈಗ ಎರಡನೇ ಕಿಕ್ಕಿಗೆ ಚಾಲೂ. ಅವ್ವ ಮಾರುವ ಮಾತು ಪೂರ್ತಿ ಬಿಟ್ಟಿಲ್ಲ, ಆದರೆ ಹೊಲದಿಂದ ಮೆಣಸಿನಕಾಯಿ ತರಲು ಅಪ್ಪನಿಗೇ ಹೇಳುತ್ತಾಳೆ.

ಹಳೇ ಗಾಡಿಗೆ ಪ್ಲಗ್ ಯಾವುದು ಅಂತ ಆಫೀಸಿನ ಗೆಳೆಯರು ಈಗ ನನ್ನನ್ನು ಕೇಳುತ್ತಾರೆ. ಪುಸ್ತಕದಲ್ಲಿರೋ ನಂಬರಿನಿಂದಲೇ ಶುರು ಮಾಡಿ ಅಂತೀನಿ. ಆಮೇಲೆ ಕಾಕಾನ ಪ್ರಶ್ನೆ ಕೇಳುತ್ತೀನಿ: ಯಾರು ಓಡಿಸ್ತಾರೆ, ಎಷ್ಟು ಜೋರು, ಎಷ್ಟು ದೂರ? ಯೆಜ್ಡಿಯ ಟೂಲ್‌ಬಾಕ್ಸಿನಲ್ಲಿ ಈಗ ಒಂದು ಬಿ7 ಬಟ್ಟೆಯಲ್ಲಿ ಸುತ್ತಿಟ್ಟಿದೆ. ಅದಕ್ಕೆ ಅಪ್ಪನದೇ ನಿಯಮ: "ನೀ ಬಂದಾಗ ನಿಂದ್ ಹಾಕ್ಕೋ. ಹೋಗೂ ಮುಂದ ಮಾತ್ರ ನಂದ್ ಹಾಕಿ ಹೋಗು."