ಒಂದು ಸುತ್ತು ಬಜೆ

ನಮ್ಮ ಅಜ್ಜಿಯ ಸಾಣೆಕಲ್ಲು ಅಂಗೈಯಗಲದ್ದು, ತೇದು ತೇದು ನಡುವೆ ತಗ್ಗು ಬಿದ್ದದ್ದು. ತಂಗಿ ಹುಟ್ಟಿದಾಗ ನನಗೆ ಎಂಟು ವರ್ಷ. ಕೂಸಿಗೆ ನೀರು ಹಾಕಿ ಮಲಗಿಸುವ ಹೊತ್ತಿಗೆ ಅಜ್ಜಿ ಆ ಕಲ್ಲಿನ ಮೇಲೆ ನಾಲ್ಕು ಹನಿ ಎದೆಹಾಲು ಬಿಟ್ಟುಕೊಂಡು, ಸುಟ್ಟ ಬಜೆಯ ತುಂಡು ಹಿಡಿದು ಒಂದು ಸುತ್ತು ತೇಯುತ್ತಿದ್ದಳು. ಒಂದೇ ಸುತ್ತು. ಆಮೇಲೆ ಅಳಲೆಕಾಯಿ ಎರಡು ಸುತ್ತು, ಒಣಶುಂಠಿ ಒಂದು. ಜಾಯಿಕಾಯಿಯ ಸರದಿ ಬಂದರೆ ಅವಳ ಕೈ ನಿಧಾನವಾಗುತ್ತಿತ್ತು. ಅರ್ಧ ಸುತ್ತಿಗೇ ಎತ್ತಿಬಿಡುತ್ತಿದ್ದಳು. “ಜಾಸ್ತಿಯಾದ್ರೆ ಮಗು ಮಂಪರಲ್ಲೇ ಬಿದ್ದಿರ್ತದೆ” ಅನ್ನುತ್ತಿದ್ದಳು. ಈಗಿನ ಮಕ್ಕಳ ವೈದ್ಯರು ಆರು ತಿಂಗಳ ತನಕ ಎದೆಹಾಲಲ್ಲದೆ ಬೇರೇನೂ ಬೇಡ ಅನ್ನುತ್ತಾರೆ. ಅದು ಸರಿ. ನನ್ನ ಮೊಮ್ಮಗುವಿಗೆ ನಾವು ಏನನ್ನೂ ತೇದು ಹಾಕಲಿಲ್ಲ. ಆದರೆ ‘ಸುತ್ತು’ ಎಂಬ ಆ ಅಳತೆಯ ಮಾತು ನನ್ನನ್ನು ಬಿಟ್ಟುಹೋಗಿಲ್ಲ.

ಅಜ್ಜಿ ಅದನ್ನು ಔಷಧಿ ಅನ್ನುತ್ತಿರಲಿಲ್ಲ, ಮದ್ದು ಅನ್ನುತ್ತಿದ್ದಳು. ಹಳಗನ್ನಡದ ಮರ್ದು ಅದು. ತಮಿಳಿನ ಮರುಂದು, ತೆಲುಗಿನ ಮಂದು ಅದರ ಒಡಹುಟ್ಟುಗಳು. ಈ ಮಾತಿನ ಮೇಲೆ ನನಗೆ ಬಹಳ ಗೌರವ. ಯಾಕೆಂದರೆ ಅದು ತನ್ನ ಅಪಾಯವನ್ನು ಮುಚ್ಚಿಡುವುದಿಲ್ಲ. ಕೋವಿಗೆ ತುಂಬುವುದೂ ಮದ್ದೇ. ಶ್ರೀರಂಗಪಟ್ಟಣದಲ್ಲಿ ಟಿಪ್ಪು ಕಾಲದ ಮದ್ದಿನಮನೆ ಇದೆಯಲ್ಲ, ಅಲ್ಲಿ ಕೂಡಿಟ್ಟಿದ್ದದ್ದು ಸಿಡಿಮದ್ದು. ಮಳೆಗಾಲದಲ್ಲಿ ಕೊಳೆರೋಗ ಬರದಿರಲೆಂದು ಅಡಿಕೆ ಗೊನೆಗಳಿಗೆ ಮೈಲುತುತ್ತ, ಸುಣ್ಣ ಕಲಸಿ ಹೊಡೆಯುವುದಕ್ಕೆ ಮದ್ದು ಬಿಡುವುದು ಅನ್ನುತ್ತಾರೆ. ಯಾರೋ ಅನ್ನದಲ್ಲಿ ಏನೋ ಬೆರೆಸಿ ಉಣ್ಣಿಸಿದರೆಂಬ ಭಯಕ್ಕೂ ಇದೇ ಹೆಸರು, ಕೈಮದ್ದು. ಉಳಿಸುವುದನ್ನೂ ಕೊಲ್ಲುವುದನ್ನೂ ಒಂದೇ ಮಾತಿನಲ್ಲಿ ಹಿಡಿದವರಿಗೆ ಅಳತೆಯ ಅರಿವು ಇದ್ದೇ ಇತ್ತು. 12ನೆಯ ಶತಮಾನದ ಕೀರ್ತಿವರ್ಮ ತನ್ನ ಪುಸ್ತಕಕ್ಕೆ ‘ಗೋವೈದ್ಯ’ ಎಂದೇ ಹೆಸರಿಟ್ಟ, ದನಗಳಿಗೆ ಮಾತ್ರ. 14ನೆಯ ಶತಮಾನದ ಮಂಗರಾಜ ‘ಖಗೇಂದ್ರಮಣಿದರ್ಪಣ’ವನ್ನು ವಿಷದ ಚಿಕಿತ್ಸೆಗೆಂದೇ ಬರೆದ. ತಮ್ಮ ಮದ್ದು ಎಲ್ಲಿಯವರೆಗೆ ಎಂಬುದನ್ನು ಇಬ್ಬರೂ ಹೆಸರಿನಲ್ಲೇ ಹೇಳಿಬಿಟ್ಟಿದ್ದಾರೆ.

ರಾಮಬಾಣ ಎಂಬ ಮಾತಿಗೆ ಈ ಗಡಿ ಇಲ್ಲ. ಗುರಿ ತಪ್ಪದ ಬಾಣವೆಂಬ ಅರ್ಥದಲ್ಲಿ ಅದು ಬಂತು, ಒಪ್ಪುತ್ತೇನೆ. ಆದರೆ ಯುದ್ಧಕಾಂಡದಲ್ಲಿ ಜಾಂಬವಂತ ಹನುಮಂತನಿಗೆ ಹೇಳುವುದು ಒಂದು ಮೂಲಿಕೆಯನ್ನಲ್ಲ, ನಾಲ್ಕನ್ನು. ಜೀವ ಬರಿಸುವುದಕ್ಕೆ ಮೃತಸಂಜೀವನಿ, ನಾಟಿದ ಬಾಣ ಬಿಡಿಸುವುದಕ್ಕೆ ವಿಶಲ್ಯಕರಣಿ, ಮೈಬಣ್ಣ ಮರಳಿಸುವುದಕ್ಕೆ ಸಾವರ್ಣ್ಯಕರಣಿ, ಮುರಿದದ್ದು ಕೂಡಿಸುವುದಕ್ಕೆ ಸಂಧಾನಕರಣಿ. ಒಂದೊಂದಕ್ಕೆ ಒಂದೊಂದೇ ಕೆಲಸ. ನಾವು ಮೂರನ್ನು ಮರೆತು ಸಂಜೀವಿನಿಯೊಂದನ್ನು ಉಳಿಸಿಕೊಂಡೆವು. ಬಾಣ ಬಿಡಿಸುವ ಬೇರಿನ ಹೆಸರು ಬಿಟ್ಟು, ಬಾಣವನ್ನೇ ಮದ್ದಿನ ಹೆಸರಾಗಿ ಎತ್ತಿಕೊಂಡೆವು.

ದೊಡ್ಡಪ್ಪನಿಗೆ ಸಕ್ಕರೆ ಕಾಯಿಲೆ ಬಂದು ಹತ್ತು ವರ್ಷ ದಾಟಿತ್ತು. ಪೇಟೆಯಿಂದ ಒಬ್ಬ ಪುಡಿ ತಂದುಕೊಟ್ಟ. “ಬುಡಸಮೇತ ಕಿತ್ತುಹಾಕ್ತದೆ, ಪಥ್ಯ ಗಿಥ್ಯ ಏನೂ ಬೇಡ” ಎಂದ. ಪಥ್ಯ ಬೇಡ ಎಂಬ ಮಾತಿಗೇ ದೊಡ್ಡಪ್ಪ ಸೋತದ್ದು. ಹತ್ತು ವರ್ಷ ಪಾಯಸದ ಬಟ್ಟಲು ದೂರ ತಳ್ಳಿದ ಮನುಷ್ಯನಿಗೆ ಅದು ಎಂಥ ಮಾತಾಗಿ ಕೇಳಿರಬೇಕು! ಮಾತ್ರೆ ನಿಲ್ಲಿಸಿದರು. ನಾಲ್ಕು ತಿಂಗಳಿಗೆ ಚಪ್ಪಲಿ ಕಡಿದ ಸಣ್ಣ ಗಾಯ ಮಾಯದೆ ಕೊಳೆಯಿತು. ಎಡಗಾಲಿನ ಎರಡು ಬೆರಳು ತೆಗೆಯಬೇಕಾಯಿತು. ಸಕ್ಕರೆ ಕಾಯಿಲೆ, ಕ್ಯಾನ್ಸರ್, ಕುರುಡುತನ ಇಂಥವನ್ನು ವಾಸಿಮಾಡುತ್ತೇವೆಂದು ಜಾಹೀರಾತು ಕೊಡಕೂಡದೆಂದು 1954ರಲ್ಲೇ ಕೇಂದ್ರದ ಕಾಯ್ದೆ ಬಂದಿದೆ. ಆದರೆ ಜಗುಲಿಯ ಮೇಲೆ ಕೂತು ಪ್ರೀತಿಯಿಂದ ಹೇಳಿದ ಮಾತನ್ನು ಯಾವ ಕಾಯ್ದೆ ಹಿಡಿದೀತು? ಪುಡಿ ತಂದವನೂ ದೊಡ್ಡಪ್ಪನ ಒಳ್ಳೆಯದಕ್ಕೇ ತಂದವನು.

ಹಳೆಯ ಪಂಡಿತರ ಬಳಿ ಮದ್ದಿನ ಜೊತೆಗೆ ಎರಡು ಮಾತು ತಪ್ಪದೆ ಬರುತ್ತಿದ್ದವು. ಅನುಪಾನ: ಜೇನಿನಲ್ಲೋ, ತುಪ್ಪದಲ್ಲೋ, ಬಿಸಿನೀರಿನಲ್ಲೋ. ಪಥ್ಯ: ಏನು ಉಣ್ಣಬಾರದು, ಎಷ್ಟು ದಿನ. ರೋಗಿಯನ್ನು ಕೂರಿಸಿಕೊಂಡು ನಾಲಗೆ ನೋಡಿ, ಹಸಿವು ನಿದ್ದೆ ವಿಚಾರಿಸದೆ ಈ ಎರಡನ್ನೂ ಹೇಳಲು ಬರುವುದಿಲ್ಲ. ರಾಮಬಾಣಕ್ಕೆ ರೋಗಿಯ ಮುಖವನ್ನೇ ನೋಡಬೇಕಾಗಿಲ್ಲ.

ಕಳೆದ ತಿಂಗಳು ಊರಿಗೆ ಹೋಗಿದ್ದೆ. ದೊಡ್ಡಮ್ಮ ಮಾತ್ರೆಯ ಡಬ್ಬಿ, ನೀರಿನ ಲೋಟ ತಂದಿಟ್ಟರು. ದೊಡ್ಡಪ್ಪನ ಮೊಬೈಲಿಗೆ ಯಾರೋ ಕಳಿಸಿದ ಸಂದೇಶವೊಂದು ಬಂದಿತ್ತು. ಕನ್ನಡಕ ಸಿಗದೆ ನನ್ನ ಕೈಗೆ ಕೊಟ್ಟರು. ಓದಿ ಹೇಳಿದೆ: ಹಾಗಲಕಾಯಿ ರಸ ಸಕ್ಕರೆ ಕಾಯಿಲೆಗೆ ರಾಮಬಾಣ.

ದೊಡ್ಡಪ್ಪ ಮಾತ್ರೆ ನುಂಗಿ, ಲೋಟ ಕೆಳಗಿಟ್ಟು, “ಎಷ್ಟು ಸುತ್ತು ಅಂತ ಬರೆದಿದಾರಾ ನೋಡು ಮಗಾ” ಎಂದರು.

ಇನ್ನೊಮ್ಮೆ ಮೇಲಿಂದ ಕೆಳಗಿನ ತನಕ ಓದಿದೆ. ಬರೆದಿರಲಿಲ್ಲ.