ಅಂಜಿಕೆಗೆ ಅಂಕವಿಲ್ಲ

ಪರೀಕ್ಷೆ ಬರೆಯದೆಯೇ ಅಂಕ ಪಡೆಯುವ ಯೋಗ ಈ ಕಾಲದಲ್ಲಿ ಯಾರಿಗೂ ತಪ್ಪಿದ್ದಲ್ಲ. ಜಯನಗರದಲ್ಲಿ ಪುಟ್ಟದೊಂದು ವ್ಯಾಯಾಮಶಾಲೆ ನಡೆಸುವ ನನ್ನ ತಮ್ಮನ ಮಗಳು, ವಿಚಾರಿಸಲು ಬಂದವರಿಗೆಲ್ಲ ಗುಟ್ಟಾಗಿ ಅಂಕ ಹಾಕುತ್ತಾಳೆ. ಉಚಿತ ತರಗತಿಗೆ ಬಂದು ಬೆವರಿದವರಿಗೆ 30. ಮನೆ ಸಮೀಪವಿದ್ದರೆ 20. ಶುಲ್ಕವೆಷ್ಟೆಂದು ತಾವಾಗಿ ಕೇಳಿದರೆ 15. ತಿಂಗಳಾದರೂ ಸುದ್ದಿಯಿಲ್ಲದವರಿಗೆ 10 ಕಡಿತ. ಹೆಚ್ಚು ಅಂಕದವರಿಗೆ ಮೊದಲ ಕರೆ.

“ಇದೆಂಥ ಪಕ್ಷಪಾತವಮ್ಮ?” ಎಂದೆ.

“ಪಕ್ಷಪಾತವಲ್ಲ, ದೊಡ್ಡಪ್ಪ. ದಿನಕ್ಕೆ 10 ಕರೆ ಮಾಡುವಷ್ಟೇ ನನಗೆ ಬಿಡುವು. ಸೇರುವವರನ್ನು ಬಿಟ್ಟು ಸೇರದವರ ಬೆನ್ನು ಹತ್ತಿದರೆ ಕಟ್ಟಡದ ಬಾಡಿಗೆ ಯಾರು ಕೊಟ್ಟಾರು?”

ಮಾತು ನ್ಯಾಯವಾದುದೇ. ಆದರೂ ಪಟ್ಟಿಯ ತಳದಲ್ಲಿ ನನ್ನ ಕಣ್ಣು ನಿಂತಿತು. ವಯಸ್ಸು 67, ಮಂಡಿನೋವು. ಶುಲ್ಕ ಕೇಳಿ, ಮಗನೊಡನೆ ಮಾತಾಡಿ ಬರುವೆನೆಂದು ಹೋದ ತಾಯಿ ಮತ್ತೆ ಬಂದಿಲ್ಲ. ಅಂಕ 5.

65 ದಾಟಿದವರು ಬೀಳದಂತಿರಲು ವಾರಕ್ಕೆ 3 ದಿನವಾದರೂ ದೇಹದ ಸಮತೋಲವನ್ನೂ ಬಲವನ್ನೂ ಬೆಳೆಸುವ ವ್ಯಾಯಾಮ ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದೆ. ಈ ಅಂಕಗಳಾದರೋ ಸೇರುವ ಸಂಭವವನ್ನು ಅಳೆಯುತ್ತವೆಯೇ ಹೊರತು ಅಗತ್ಯವನ್ನಲ್ಲ. ಅಗತ್ಯ ಹೆಚ್ಚಿದ್ದವರಿಗೆ ಅನೇಕ ವೇಳೆ ಅಂಜಿಕೆಯೂ ಹೆಚ್ಚು. ಆ ಅಂಜಿಕೆಯೇ ಅವರ ಅಂಕವನ್ನು ತಿಂದುಹಾಕುತ್ತದೆ.

ಹೀಗೆಂದಾಗ ಅವಳು ಮರುಮಾತಾಡಲಿಲ್ಲ. ಈಗ ಮಾತ್ರ ಲೆಕ್ಕದಲ್ಲಿ ಸಣ್ಣದೊಂದು ತಿದ್ದುಪಡಿಯಾಗಿದೆ: 8 ಕರೆ ಪಟ್ಟಿಯ ಮೇಲಿನಿಂದ, 2 ಕೆಳಗಿನಿಂದ. ಕೆಳಗಿನವರಲ್ಲಿ ಎಷ್ಟು ಮಂದಿ ಸೇರಿದರೆಂದು ನಾನು ಕೇಳಿಲ್ಲ. ಕೇಳಿದರೆ ನಾನೂ ಅವರಿಗೆ ಅಂಕ ಹಾಕಿದಂತಾದೀತು!